ಐದು ಡಾಲರ್ ಗಿಟಾರಿನಿಂದ ವುಡ್‌ಸ್ಟಾಕ್‌ವರೆಗೆ: ಜಿಮಿ ಹೆಂಡ್ರಿಕ್ಸ್ ನಾದಪಯಣ

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸ್ಮರಿಸಲೇಬೇಕಾದ ಹೆಸರು ಜಿಮಿ ಹೆಂಡ್ರಿಕ್ಸ್. ಅಮೆರಿಕದ ಈ ಕಪ್ಪು ಕಲಾವಿದರು ಬದುಕಿದ್ದು ಕೇವಲ 27 ವರ್ಷ. ಅದರಲ್ಲೂ ಜಗತ್ತು ಅವರನ್ನು ಗುರುತಿಸಿದ್ದು ಕೊನೆಯ ನಾಲ್ಕು ವರ್ಷಗಳಲ್ಲಿ ಮಾತ್ರ. ಅವರು ಜೀವಂತವಾಗಿದ್ದಾಗ ಹೊರಬಂದ ಸ್ಟುಡಿಯೊ ಆಲ್ಬಂಗಳು ಮೂರೇ ಮೂರು. ಆದರೂ ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯನ್ನು ಹೆಂಡ್ರಿಕ್ಸ್ ಪೂರ್ವ, ಹೆಂಡ್ರಿಕ್ಸ್ ನಂತರ ಎಂದು ವಿಂಗಡಿಸುವುದು ಸಂಗೀತ ವಲಯದಲ್ಲಿ ರೂಢಿಯಾಗಿಬಿಟ್ಟಿದೆ.

ಅವರ ನಾದದ ಗುಟ್ಟು ಎಲ್ಲಿತ್ತು ಎಂಬ ಜಿಜ್ಞಾಸೆ ಮಾತ್ರ ಅಂದಿನಿಂದ ಇಂದಿನವರೆಗೂ ಮುಗಿದಿಲ್ಲ. ಅವರು ನುಡಿಸಿದ ಗಿಟಾರ್ ಯಾವುದು, ಆಂಪ್ಲಿಫೈಯರ್ ಯಾವುದು, ಕಾಲಡಿಯ ಪೆಡಲ್‌ಗಳು ಯಾವುವು ಎಂದು ಹುಡುಕಿ ಅವುಗಳಿಗಾಗಿ ಸಾವಿರಾರು ರೂಪಾಯಿ ಸುರಿಯುವವರು ಇಂದಿಗೂ ಇದ್ದಾರೆ. ಆದರೆ ಹೆಂಡ್ರಿಕ್ಸ್ ಬದುಕು ಹೇಳುವ ಕಥೆ ಬೇರೆಯೇ ಆಗಿದೆ.

ಪೊರಕೆಯೇ ಮೊದಲ ವಾದ್ಯ

ಹೆಂಡ್ರಿಕ್ಸ್ ಜನಿಸಿದ್ದು 1942ರ ನವೆಂಬರ್ 27ರಂದು, ಅಮೆರಿಕದ ವಾಯವ್ಯ ತುದಿಯಲ್ಲಿರುವ ಸಿಯಾಟಲ್ ನಗರದಲ್ಲಿ. ಆಗ ತಾಯಿ ಲೂಸಿಲ್‌ಗೆ ಕೇವಲ 17 ವರ್ಷ. ತಂದೆ ಅಲ್ ಎರಡನೇ ಮಹಾಯುದ್ಧದ ನಿಮಿತ್ತ ಸೇನೆಯಲ್ಲಿದ್ದರು. ಮಗುವಿಗೆ ಮೊದಲು ಇಟ್ಟ ಹೆಸರು ಜಾನಿ ಅಲೆನ್. ಯುದ್ಧ ಮುಗಿಸಿ ಮರಳಿದ ತಂದೆ 1946ರಲ್ಲಿ ಅದನ್ನು ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್ ಎಂದು ಬದಲಿಸಿದರು. ಬಡತನ ಮತ್ತು ಕುಡಿತ ಆ ಮನೆಯ ನೆಮ್ಮದಿ ಕದಡಿದ್ದವು. 1951ರಲ್ಲಿ ತಂದೆ-ತಾಯಿ ವಿಚ್ಛೇದನ ಪಡೆದರು. 1958ರಲ್ಲಿ ತಾಯಿ ತೀರಿಕೊಂಡಾಗ ಜಿಮಿಗೆ ಇನ್ನೂ 15 ವರ್ಷ.

ಪ್ರಾಥಮಿಕ ಶಾಲೆಯಲ್ಲಿದ್ದಾಗ ಈ ಹುಡುಗ ಪೊರಕೆಯನ್ನೇ ಗಿಟಾರಿನಂತೆ ಹಿಡಿದು ತಿರುಗುತ್ತಿದ್ದ. ಇದನ್ನು ಗಮನಿಸಿದ ಶಾಲೆಯ ಸಮಾಜ ಕಾರ್ಯಕರ್ತೆಯೊಬ್ಬರು, ಬಡಮಕ್ಕಳ ನೆರವಿಗೆಂದು ಇದ್ದ ಹಣದಲ್ಲಿ ಈತನಿಗೊಂದು ಗಿಟಾರ್ ಕೊಡಿಸುವಂತೆ ಪತ್ರ ಬರೆದರು. ಮನವಿ ತಿರಸ್ಕೃತವಾಯಿತು. 1957ರಲ್ಲಿ ತಂದೆಯ ಜೊತೆ ಕೂಲಿ ಕೆಲಸಕ್ಕೆ ಹೋಗಿದ್ದಾಗ, ವೃದ್ಧೆಯೊಬ್ಬರ ಮನೆಯ ಕಸದ ರಾಶಿಯಲ್ಲಿ ಆತನಿಗೆ ಒಂದೇ ತಂತಿ ಉಳಿದಿದ್ದ ಯುಕುಲೇಲೆ ಎಂಬ ಪುಟ್ಟ ವಾದ್ಯ ಸಿಕ್ಕಿತು. ಆ ಒಂಟಿ ತಂತಿಯ ಮೇಲೆ ರೇಡಿಯೊದ ಹಾಡುಗಳನ್ನು ಕಿವಿಯಿಂದಲೇ ಹಿಡಿದು ಜಿಮಿ ನುಡಿಸತೊಡಗಿದ. ಮರುವರ್ಷ ಐದು ಡಾಲರಿಗೆ ಹಳೆಯದೊಂದು ಅಕೌಸ್ಟಿಕ್ ಗಿಟಾರ್ ಕೈಗೆ ಬಂತು. ಮಡ್ಡಿ ವಾಟರ್ಸ್, ಬಿ.ಬಿ. ಕಿಂಗ್, ಹೌಲಿನ್ ವುಲ್ಫ್ ಮುಂತಾದ ಬ್ಲೂಸ್ ಕಲಾವಿದರ ಧ್ವನಿಮುದ್ರಿಕೆಗಳೇ ಆತನ ಗುರುಗಳಾದವು. ಸಂಗೀತ ಲಿಪಿಯನ್ನು ಓದಲು ಆತ ಕೊನೆಯವರೆಗೂ ಕಲಿಯಲಿಲ್ಲ.

ತಲೆಕೆಳಗಾದ ಗಿಟಾರ್

ಜಿಮಿ ಎಡಚ. ಎಡಗೈಯಲ್ಲಿ ವಾದ್ಯ ನುಡಿಸುವುದು ಸೈತಾನನ ಲಕ್ಷಣವೆಂಬ ನಂಬಿಕೆ ತಂದೆಗಿತ್ತೆಂದು ಜೀವನ ಚರಿತ್ರೆಕಾರರು ದಾಖಲಿಸಿದ್ದಾರೆ. ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುತ್ತಿದ್ದುದೂ ಬಲಗೈಯವರಿಗಾಗಿ ಮಾಡಿದ ಗಿಟಾರ್‌ಗಳೇ. ಜಿಮಿ ಕಂಡುಕೊಂಡ ಉಪಾಯ ಸರಳವಾಗಿತ್ತು. ಗಿಟಾರನ್ನು ತಲೆಕೆಳಗು ಮಾಡಿ, ದಪ್ಪ ತಂತಿ ಮೇಲೆ, ಸಣ್ಣ ತಂತಿ ಕೆಳಗೆ ಬರುವಂತೆ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಿದ. ಮುಂದೆ ಹಣ, ಕೀರ್ತಿ ಎರಡೂ ಬಂದ ಮೇಲೂ ವೇದಿಕೆಯಲ್ಲಿ ಬಹುಪಾಲು ಇಂಥ ತಿರುಗಿಸಿದ ಗಿಟಾರನ್ನೇ ಬಳಸಿದ್ದು ವಿಶೇಷ.

ಮೊದಲ ತಂಡ ಕಟ್ಟಿದಾಗ ಹೊಸ ಸಮಸ್ಯೆ ಎದುರಾಯಿತು. ಉಳಿದ ವಾದ್ಯಗಳ ಅಬ್ಬರದಲ್ಲಿ ಅಕೌಸ್ಟಿಕ್ ಗಿಟಾರಿನ ದನಿ ಕೇಳಿಸುತ್ತಲೇ ಇರಲಿಲ್ಲ. ಮಗನ ಹಟಕ್ಕೆ ಮಣಿದ ತಂದೆ 1959ರಲ್ಲಿ ಬಿಳಿ ಬಣ್ಣದ ಸುಪ್ರೊ ಓಝಾರ್ಕ್ ಎಂಬ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದರು. ಯಹೂದಿಗಳ ಪ್ರಾರ್ಥನಾ ಮಂದಿರವೊಂದರ ನೆಲಮಾಳಿಗೆಯಲ್ಲಿ ನಡೆದ ಮೊದಲ ಕಾರ್ಯಕ್ರಮದಲ್ಲೇ, ಅತಿಯಾಗಿ ಪ್ರದರ್ಶನಕ್ಕಿಳಿದನೆಂಬ ಕಾರಣಕ್ಕೆ ತಂಡದವರು ಜಿಮಿಯನ್ನು ಅರ್ಧದಲ್ಲೇ ಹೊರಗಟ್ಟಿದರು. ಕೆಲಕಾಲದ ನಂತರ, ರಾತ್ರಿ ವೇದಿಕೆಯ ಹಿಂದೆ ಬಿಟ್ಟುಬಂದಿದ್ದ ಆ ಗಿಟಾರ್ ಕಳುವಾಯಿತು. ತಂದೆ ಕೆಂಪು ಬಣ್ಣದ ಇನ್ನೊಂದು ಅಗ್ಗದ ಗಿಟಾರ್ ತಂದುಕೊಟ್ಟರು.

ಸೇನೆಯಲ್ಲಿ ಸಿಕ್ಕ ಗೆಳೆಯ

1961ರಲ್ಲಿ ಕದ್ದ ಕಾರಿನಲ್ಲಿ ಸಂಚರಿಸಿದ ಆರೋಪದ ಮೇಲೆ ಜಿಮಿ ಎರಡು ಬಾರಿ ಪೊಲೀಸರ ಕೈಗೆ ಸಿಕ್ಕ. ಸೆರೆಮನೆ ಅಥವಾ ಸೇನೆ, ಎರಡರಲ್ಲೊಂದನ್ನು ಆಯ್ದುಕೊಳ್ಳಬೇಕಾಗಿ ಬಂದಾಗ ಆತ ಸೇನೆಗೆ ಸೇರಿದ. ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್ ಶಿಬಿರದಲ್ಲಿ ಪ್ಯಾರಾಚೂಟ್ ಯೋಧನಾಗಿ ತರಬೇತಿ ದೊರೆಯಿತು. ಮನೆಯಿಂದ ಅಂಚೆಯಲ್ಲಿ ಗಿಟಾರ್ ತರಿಸಿಕೊಂಡ ಮೇಲೆ ಕವಾಯತಿಗಿಂತ ತಂತಿಯ ಮೇಲೆಯೇ ಗಮನ ಹೆಚ್ಚಾಯಿತು. ಶಿಬಿರದ ಕ್ಲಬ್ಬಿನಲ್ಲಿ ಆತ ನುಡಿಸುತ್ತಿದ್ದುದನ್ನು ಹೊರಗಿನಿಂದ ಕೇಳಿ ಒಳಬಂದ ಇನ್ನೊಬ್ಬ ಸೈನಿಕನೇ ಬಿಲ್ಲಿ ಕಾಕ್ಸ್. ಬೇಸ್ ಗಿಟಾರ್ ನುಡಿಸುತ್ತಿದ್ದ ಕಾಕ್ಸ್ ಜೊತೆಗಿನ ಸ್ನೇಹ ಹೆಂಡ್ರಿಕ್ಸ್ ಬದುಕಿನ ಕೊನೆಯ ದಿನಗಳವರೆಗೂ ಉಳಿಯಿತು.

1962ರಲ್ಲಿ ಸೇನೆ ಹೆಂಡ್ರಿಕ್ಸ್ ಅವರನ್ನು ಬಿಡುಗಡೆ ಮಾಡಿತು. ಜಿಗಿಯುವಾಗ ಕಾಲಿಗೆ ಪೆಟ್ಟಾಯಿತೆಂದು ಅವರು ಹೇಳುತ್ತಿದ್ದರೂ, ಕರ್ತವ್ಯಕ್ಕೆ ಅನರ್ಹ ಎಂಬುದು ಸೇನಾ ದಾಖಲೆಗಳಲ್ಲಿರುವ ಕಾರಣ. ಕಾಕ್ಸ್ ಜೊತೆ ಅವರು ನ್ಯಾಶ್‌ವಿಲ್ ಸೇರಿ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ನುಡಿಸತೊಡಗಿದರು. ಮುಂದೆ ಜಗತ್ತನ್ನು ಬೆರಗುಗೊಳಿಸಿದ ಹಲ್ಲಿನಿಂದ ತಂತಿ ಮೀಟುವ ಚಮತ್ಕಾರವನ್ನು ಅವರು ಕಲಿತದ್ದು ಈ ದಕ್ಷಿಣದ ಕಲಾವಿದರ ನಡುವೆಯೇ. ತಲೆಯ ಹಿಂದೆ ಗಿಟಾರ್ ಹಿಡಿದು ನುಡಿಸುವುದನ್ನಂತೂ ಟಿ-ಬೋನ್ ವಾಕರ್ ಎಂಬ ಹಿರಿಯ ಬ್ಲೂಸ್ ಕಲಾವಿದರು ಮೊದಲೇ ರೂಢಿಗೆ ತಂದಿದ್ದರು.

ಹಿಮ್ಮೇಳದ ಕಠಿಣ ಶಾಲೆ

ವರ್ಣಭೇದ ಜಾರಿಯಲ್ಲಿದ್ದ ಆ ಕಾಲದ ಅಮೆರಿಕದಲ್ಲಿ ಕಪ್ಪು ಕಲಾವಿದರಿಗೆಂದೇ ಪ್ರತ್ಯೇಕ ರಂಗಮಂದಿರ, ಕ್ಲಬ್ಬುಗಳ ಸರಣಿಯೊಂದಿತ್ತು. 1963ರಿಂದ 1966ರವರೆಗೆ ಹೆಂಡ್ರಿಕ್ಸ್ ಊರೂರು ಅಲೆದದ್ದು ಈ ವಲಯದಲ್ಲಿ. 1964ರಲ್ಲಿ ಐಸ್ಲಿ ಬ್ರದರ್ಸ್, ನಂತರ ಲಿಟ್ಲ್ ರಿಚರ್ಡ್, ಕರ್ಟಿಸ್ ನೈಟ್, ಕಿಂಗ್ ಕರ್ಟಿಸ್ ಹೀಗೆ ಹಲವರ ಬೆನ್ನ ಹಿಂದೆ ನಿಂತು ಅವರು ಹಿಮ್ಮೇಳ ನುಡಿಸಿದರು. ಒಂದೇ ಬಗೆಯ ಉಡುಪು, ಒಂದೇ ಬಗೆಯ ಹೆಜ್ಜೆ. ತಡವಾಗಿ ಬಂದರೆ ಅಥವಾ ಮುಖ್ಯ ಗಾಯಕನಿಗಿಂತ ಹೆಚ್ಚು ಮಿಂಚಿದರೆ ಕಿರಿಕಿರಿ ತಪ್ಪಿದ್ದಲ್ಲ. ಲಿಟ್ಲ್ ರಿಚರ್ಡ್ ತಂಡದಿಂದ ಹೆಂಡ್ರಿಕ್ಸ್ 1965ರಲ್ಲಿ ಹೊರಬಿದ್ದದ್ದು ಇಂಥ ಜಟಾಪಟಿಗಳಿಂದಲೇ.

ಆದರೆ ಈ ದುಡಿಮೆ ವ್ಯರ್ಥವಾಗಲಿಲ್ಲ. ಗಾಯಕನ ದನಿಗೆ ಅಡ್ಡ ಬಾರದಂತೆ ತಾಳ ಹಿಡಿಯುವುದು, ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ಪುಟ್ಟ ಸ್ವರಮಾಲೆ ಪೋಣಿಸುವುದು ಈ ಅವಧಿಯಲ್ಲಿ ಅವರಿಗೆ ಕರಗತವಾಯಿತು. ಉದ್ದನೆಯ ಬೆರಳುಗಳಿದ್ದ ಅವರು ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿನಿಂದ ಬಳಸಿ ದಪ್ಪ ತಂತಿಯನ್ನು ಒತ್ತುತ್ತಿದ್ದರು. ಹೀಗಾಗಿ ಉಳಿದ ನಾಲ್ಕು ಬೆರಳುಗಳು ಬಿಡುವಾಗಿ, ಮಂದ್ರ ಸ್ವರ, ಸ್ವರಮೇಳ ಮತ್ತು ರಾಗದ ಎಳೆ ಮೂರನ್ನೂ ಒಬ್ಬರೇ ಏಕಕಾಲಕ್ಕೆ ನುಡಿಸುವುದು ಸಾಧ್ಯವಾಯಿತು. ಮುಂದೆ 'ಲಿಟ್ಲ್ ವಿಂಗ್'ನಂತಹ ಹಾಡುಗಳಲ್ಲಿ ಕೇಳಿಬರುವ ಮಾಧುರ್ಯದ ಬೇರು ಇರುವುದು ಹಿಮ್ಮೇಳದ ಈ ವರ್ಷಗಳಲ್ಲಿ.

ಇದೇ ಅವಧಿಯ ಒಂದು ಅಜಾಗ್ರತೆ ಅವರನ್ನು ಕೊನೆಯವರೆಗೂ ಕಾಡಿತು. 1965ರ ಅಕ್ಟೋಬರ್‌ನಲ್ಲಿ ಎಡ್ ಚಾಲ್ಪಿನ್ ಎಂಬ ನಿರ್ಮಾಪಕರ ಜೊತೆ ಒಂದು ಡಾಲರ್ ಮುಂಗಡ ಮತ್ತು ಶೇ. 1ರ ಗೌರವಧನಕ್ಕೆ ಅವರು ಮೂರು ವರ್ಷಗಳ ಕರಾರಿಗೆ ಸಹಿ ಹಾಕಿದ್ದರು.

ಲಂಡನ್ ಕೊಟ್ಟ ಬೆಳಕು

1966ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ 'ಕೆಫೆ ವಾ' ಎಂಬಲ್ಲಿ ಹೆಂಡ್ರಿಕ್ಸ್ ತಮ್ಮದೇ ತಂಡ ಕಟ್ಟಿಕೊಂಡು ನುಡಿಸುತ್ತಿದ್ದರು. ಬ್ರಿಟನ್ನಿನ 'ದಿ ಅನಿಮಲ್ಸ್' ತಂಡದ ಬೇಸ್ ವಾದಕ ಚಾಸ್ ಚಾಂಡ್ಲರ್ ಅಲ್ಲಿ ಅವರನ್ನು ಕೇಳಿದರು. ಸ್ವತಃ ವಾದನ ಬಿಟ್ಟು ವ್ಯವಸ್ಥಾಪಕರಾಗಲು ಹೊರಟಿದ್ದ ಚಾಂಡ್ಲರ್ ಲಂಡನ್ನಿಗೆ ಬರುವಂತೆ ಆಹ್ವಾನಿಸಿದರು. ಎರಿಕ್ ಕ್ಲಾಪ್ಟನ್ ಅವರನ್ನು ಪರಿಚಯಿಸುವುದಾದರೆ ಬರುವುದಾಗಿ ಹೆಂಡ್ರಿಕ್ಸ್ ಒಪ್ಪಿದರು. ಸೆಪ್ಟೆಂಬರ್ 24ರಂದು ಅವರು ಲಂಡನ್ನಿಗೆ ಬಂದಿಳಿದರು.

ಗಿಟಾರ್ ವಾದಕನಾಗಲು ಬಂದ ನೋಯೆಲ್ ರೆಡ್ಡಿಂಗ್ ಕೈಗೆ ಬೇಸ್ ಗಿಟಾರ್ ಕೊಡಲಾಯಿತು. ಡ್ರಮ್ಸ್‌ಗೆ ಮಿಚ್ ಮಿಚೆಲ್ ಬಂದರು. ಹೀಗೆ 'ದಿ ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯೆನ್ಸ್' ರೂಪುಗೊಂಡಿತು. ಅಕ್ಟೋಬರ್ 1ರಂದು ಕ್ಲಾಪ್ಟನ್ ಅವರ 'ಕ್ರೀಮ್' ತಂಡದ ವೇದಿಕೆಯನ್ನೇರಿ ಹೆಂಡ್ರಿಕ್ಸ್ ಒಂದು ಬ್ಲೂಸ್ ಹಾಡು ನುಡಿಸಿದರು. ಲಂಡನ್ನಿನ ಗಿಟಾರ್ ಅಭಿಮಾನಿಗಳು ದೇವರ ಪಟ್ಟ ಕಟ್ಟಿದ್ದ ಕ್ಲಾಪ್ಟನ್ ಆ ವಾದನದಿಂದ ತಬ್ಬಿಬ್ಬಾದರು. ಡಿಸೆಂಬರ್‌ನಲ್ಲಿ 'ಹೇ ಜೋ', 1967ರ ಮಾರ್ಚ್‌ನಲ್ಲಿ 'ಪರ್ಪಲ್ ಹೇಝ್', ಮೇ ತಿಂಗಳಲ್ಲಿ 'ಆರ್ ಯು ಎಕ್ಸ್‌ಪೀರಿಯೆನ್ಸ್ಡ್' ಆಲ್ಬಂ ಬಿಡುಗಡೆಯಾದವು. ಹಿಮ್ಮೇಳದ ಹುಡುಗ ಒಂದೇ ವರ್ಷದೊಳಗೆ ಬ್ರಿಟನ್ನಿನ ಮನೆಮಾತಾದರು.

ದೋಷವೇ ನಾದವಾದ ಪರಿ

ಹೆಂಡ್ರಿಕ್ಸ್ ಬಳಸಿದ್ದು ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತಿದ್ದ ಸಾಮಗ್ರಿಗಳನ್ನೇ. ಗಿಟಾರ್, ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟೊಕ್ಯಾಸ್ಟರ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಅಯಸ್ಕಾಂತದ ಪಿಕಪ್‌ಗಳು ಅದರಲ್ಲಿ ಮೂರಿವೆ. ಇವುಗಳಲ್ಲಿ ತಂತಿ ಆಧರಿಸುವ ಕುದುರೆಯ ಬಳಿ ಇರುವ ಪಿಕಪ್ ಓರೆಯಾಗಿ ಕೂತಿರುತ್ತದೆ. ಗಿಟಾರನ್ನು ತಲೆಕೆಳಗು ಮಾಡಿದಾಗ ಈ ಓರೆಯೂ ತಿರುಗುಮುರುಗಾಯಿತು. ಪರಿಣಾಮವಾಗಿ ದಪ್ಪ ತಂತಿಗಳ ದನಿ ತುಸು ಹರಿತವಾಗಿಯೂ, ಸಣ್ಣ ತಂತಿಗಳ ದನಿ ತುಸು ಮೃದುವಾಗಿಯೂ ಕೇಳತೊಡಗಿತು. ದನಿ ಏರಿಳಿಸುವ ಗುಂಡಿಗಳು, ತಂತಿಗಳನ್ನು ಒಟ್ಟಿಗೆ ಸಡಿಲಿಸಿ ಸ್ವರ ಜಾರಿಸುವ ಕಡ್ಡಿ ಎಲ್ಲವೂ ಮೇಲ್ಭಾಗಕ್ಕೆ ಬಂದವು.

ಆಂಪ್ಲಿಫೈಯರ್, ಲಂಡನ್ನಿನ ಜಿಮ್ ಮಾರ್ಷಲ್ ತಯಾರಿಸುತ್ತಿದ್ದ 100 ವ್ಯಾಟ್ ಸಾಮರ್ಥ್ಯದ್ದು. ಡ್ರಮ್ಸ್ ಶಿಕ್ಷಕರೂ ಆಗಿದ್ದ ಮಾರ್ಷಲ್ ಅವರ ಅಂಗಡಿಯಲ್ಲಿ ಮಿಚೆಲ್ ಹುಡುಗನಾಗಿದ್ದಾಗ ದುಡಿದಿದ್ದರು. ಹೆಂಡ್ರಿಕ್ಸ್ ಉಚಿತವಾಗಿ ಏನನ್ನೂ ಕೇಳದೆ ಪೂರ್ಣ ಬೆಲೆ ಕೊಟ್ಟೇ ಕೊಂಡರೆಂದು ಮಾರ್ಷಲ್ ನಂತರ ಸ್ಮರಿಸಿಕೊಂಡಿದ್ದುಂಟು. ಕಾಲಡಿಯಲ್ಲಿ, ದನಿಯನ್ನು ಒಡೆದು ದಪ್ಪಗೊಳಿಸುವ 'ಫಝ್ ಫೇಸ್' ಮತ್ತು ಮನುಷ್ಯ ಬಾಯಿ ತೆರೆದು ಮುಚ್ಚಿದಂತೆ ದನಿ ಬದಲಿಸುವ 'ವಾ-ವಾ' ಪೆಡಲ್‌ಗಳಿದ್ದವು. ಬ್ರಿಟಿಷ್ ನೌಕಾ ಇಲಾಖೆಯಲ್ಲಿ ಧ್ವನಿ ಸಂಶೋಧನೆಯಲ್ಲಿ ತೊಡಗಿದ್ದ ರೋಜರ್ ಮೇಯರ್ ರೂಪಿಸಿಕೊಟ್ಟ 'ಆಕ್ಟೇವಿಯ' ಮಾತ್ರ ಹೊರಗೆ ಸಿಗದ ವಸ್ತುವಾಗಿತ್ತು. ನುಡಿಸಿದ ಸ್ವರದ ಜೊತೆ ಅದರ ಮೇಲಿನ ಸ್ಥಾಯಿಯ ಸ್ವರವನ್ನೂ ಹೊಮ್ಮಿಸುವ ಈ ಸಾಧನವನ್ನು 'ಪರ್ಪಲ್ ಹೇಝ್' ಹಾಡಿನಲ್ಲಿ ಕೇಳಬಹುದು.

ಸಭೆಗಳಲ್ಲಿ ಮೈಕನ್ನು ಸ್ಪೀಕರ್ ಬಳಿ ತಂದಾಗ ಕೀರಲು ದನಿ ಏಳುವುದು ಎಲ್ಲರಿಗೂ ಗೊತ್ತು. ಎಲೆಕ್ಟ್ರಿಕ್ ಗಿಟಾರಿನಲ್ಲೂ ಹೀಗೆಯೇ ಆಗುತ್ತದೆ. ಸ್ಪೀಕರಿನ ಅಬ್ಬರಕ್ಕೆ ತಂತಿ ತಾನಾಗಿ ಕಂಪಿಸುತ್ತದೆ. ಆ ಕಂಪನವನ್ನು ಪಿಕಪ್ ಹಿಡಿದು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ದನಿ ಸುತ್ತುತ್ತಾ ಬೆಳೆಯುತ್ತದೆ. ಫೀಡ್‌ಬ್ಯಾಕ್ ಎಂದು ಕರೆಯುವ ಇದನ್ನು ತಂತ್ರಜ್ಞರು ದೋಷವೆಂದೇ ಪರಿಗಣಿಸುತ್ತಿದ್ದರು. ಹೆಂಡ್ರಿಕ್ಸ್‌ಗಿಂತ ಮೊದಲೇ ಕೆಲವು ರಾಕ್ ತಂಡಗಳು ಇದನ್ನು ಬಳಸಿದ್ದವಾದರೂ, ಸ್ವರಜ್ಞಾನಕ್ಕೆ ಅಳವಡಿಸಿ ಪಳಗಿಸಿದ ಕೀರ್ತಿ ಅವರಿಗೇ ಸಲ್ಲಬೇಕು. ಸ್ಪೀಕರಿನಿಂದ ಎಷ್ಟು ದೂರ ನಿಲ್ಲಬೇಕು, ಯಾವ ಕೋನಕ್ಕೆ ತಿರುಗಬೇಕು, ಯಾವ ತಂತಿಯನ್ನು ಅದುಮಿ ಯಾವುದನ್ನು ಬಿಡಬೇಕು ಎಂಬ ಲೆಕ್ಕಾಚಾರ ಅವರ ಮೈಗೂಡಿತ್ತು. ಅವರ ಪಾಲಿಗೆ ಗಿಟಾರ್, ಪೆಡಲ್, ಆಂಪ್ಲಿಫೈಯರ್ ಹಾಗೂ ತಾವು ನಿಂತ ಜಾಗ ಎಲ್ಲವೂ ಸೇರಿ ಒಂದೇ ವಾದ್ಯ.

ಆಂಪ್ಲಿಫೈಯರನ್ನು ತುಂಬಾ ಏರಿಸಿಟ್ಟರೂ ಗಿಟಾರಿನ ಗುಂಡಿಯನ್ನು ಕೊಂಚ ಇಳಿಸಿ ಅವರು ದನಿಯನ್ನು ತಿಳಿಗೊಳಿಸುತ್ತಿದ್ದರು; ಏರಿಸಿದರೆ ಗರ್ಜನೆ. ತಂತಿಗಳನ್ನು ಸಾಮಾನ್ಯ ಶ್ರುತಿಗಿಂತ ಅರ್ಧ ಸ್ವರ ಕೆಳಗೆ ಶ್ರುತಿ ಮಾಡುತ್ತಿದ್ದುದರಿಂದ ಬಿಗಿ ಕಡಿಮೆಯಾಗಿ, ವೀಣೆಯಲ್ಲಿ ತಂತಿ ಎಳೆದು ಗಮಕ ಹೊರಡಿಸುವಂತೆ ಸ್ವರವನ್ನು ಬಾಗಿಸುವುದು ಸುಲಭವಾಗಿತ್ತು.

ಮಾಂಟೆರೆಯ ಬೆಂಕಿ

1967ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವದಲ್ಲಿ ಹೆಂಡ್ರಿಕ್ಸ್ ತಾಯ್ನಾಡಿಗೆ ಮರಳಿ ಪರಿಚಿತರಾದರು. ಕಾರ್ಯಕ್ರಮದ ಕೊನೆಯಲ್ಲಿ ಅವರು ತಮ್ಮ ಗಿಟಾರಿನ ಮೇಲೆ ಲೈಟರ್ ದ್ರವ ಸುರಿದು ಬೆಂಕಿ ಹಚ್ಚಿ, ನೆಲಕ್ಕೆ ಬಡಿದು ಮುರಿದರು. ಆ ದೃಶ್ಯ ಜಗತ್ತನ್ನೇ ಸುತ್ತಿತು. ಅದೇ ದಿನ ಮಧ್ಯಾಹ್ನ ಅದೇ ಉತ್ಸವದಲ್ಲಿ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದರು. ಹೆಂಡ್ರಿಕ್ಸ್ ವಾದನವನ್ನು ಮೆಚ್ಚಿದರೂ, ವಾದ್ಯಕ್ಕೆ ಬೆಂಕಿಯಿಟ್ಟದ್ದು ತಮಗೆ ತೀವ್ರ ನೋವು ತಂದಿತೆಂದು ರವಿಶಂಕರ್ ನಂತರ ಹೇಳಿಕೊಂಡರು. ನವರಾತ್ರಿಯಲ್ಲಿ ವಾದ್ಯಕ್ಕೆ ಹೂವಿಟ್ಟು ಕೈಮುಗಿಯುವ ನಾಡಿನವರಿಗೆ ಆ ನೋವು ಸಹಜವಾಗಿಯೇ ಅರ್ಥವಾಗುತ್ತದೆ.

ಈ ಬೆಂಕಿಯೇ ಹೆಂಡ್ರಿಕ್ಸ್‌ಗೂ ಬೇಡಿಯಾಯಿತು ಎಂಬುದು ವಿಪರ್ಯಾಸ. ಜನ ವಾದನಕ್ಕಿಂತ ಚಮತ್ಕಾರವನ್ನೇ ನಿರೀಕ್ಷಿಸತೊಡಗಿದರು. ಅವರ ಒಲವು ಮಾತ್ರ ಸ್ಟುಡಿಯೊ ಕಡೆ ತಿರುಗಿತ್ತು. ಎಂಜಿನಿಯರ್ ಎಡ್ಡಿ ಕ್ರೇಮರ್ ನೆರವಿನಿಂದ ಟೇಪನ್ನು ಹಿಮ್ಮುಖವಾಗಿ ಓಡಿಸುವುದು, ದನಿಯನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಸುಳಿದಾಡಿಸುವುದು ಮುಂತಾದ ಪ್ರಯೋಗಗಳಲ್ಲಿ ಅವರು ಮುಳುಗಿದರು. 1968ರಲ್ಲಿ ಹೊರಬಂದ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಆಲ್ಬಂ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿತು. ಒಂದೇ ಹಾಡನ್ನು 40ಕ್ಕೂ ಹೆಚ್ಚು ಬಾರಿ ನುಡಿಸಿಯೂ ತೃಪ್ತರಾಗದ ಅವರ ಪರಿಪೂರ್ಣತೆಯ ಹಂಬಲ ಸಹಿಸದೆ ಚಾಂಡ್ಲರ್ ಆ ವೇಳೆಗೆ ದೂರ ಸರಿದಿದ್ದರು. 1969ರ ಜೂನ್‌ನಲ್ಲಿ ಎಕ್ಸ್‌ಪೀರಿಯೆನ್ಸ್ ತಂಡವೂ ಒಡೆಯಿತು.

ವುಡ್‌ಸ್ಟಾಕ್‌ನ ಮುಂಜಾವು

1969ರ ಆಗಸ್ಟ್‌ನಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವಕ್ಕೆ ಸುಮಾರು 4 ಲಕ್ಷ ಜನ ಸೇರಿದ್ದರು. ಭಾನುವಾರ ರಾತ್ರಿ ಮುಗಿಯಬೇಕಿದ್ದ ಉತ್ಸವ ಮಳೆ, ವಿಳಂಬಗಳಿಂದಾಗಿ ಸೋಮವಾರಕ್ಕೆ ಜಾರಿತು. 18ರಂದು ಬೆಳಿಗ್ಗೆ ಹೆಂಡ್ರಿಕ್ಸ್ ವೇದಿಕೆಗೆ ಬಂದಾಗ ಬಹುಪಾಲು ಜನ ಊರಿಗೆ ಮರಳಿದ್ದರು. ಕೆಸರು, ಕಸ ತುಂಬಿದ ಬಯಲಿನಲ್ಲಿ ಉಳಿದವರ ಮುಂದೆ ಅವರು ಅಮೆರಿಕದ ರಾಷ್ಟ್ರಗೀತೆ ನುಡಿಸಿದರು. ಜೊತೆಯಲ್ಲಿ ಬೇಸ್ ಹಿಡಿದು ನಿಂತಿದ್ದವರು ಸೇನೆಯ ದಿನಗಳ ಗೆಳೆಯ ಬಿಲ್ಲಿ ಕಾಕ್ಸ್.

ವಿಯೆಟ್ನಾಂ ಯುದ್ಧ ಉತ್ತುಂಗದಲ್ಲಿದ್ದ ಕಾಲವದು. ರಾಷ್ಟ್ರಗೀತೆಯ ಸ್ವರಗಳ ನಡುವೆ ಬಾಂಬುಗಳ ಸಿಡಿತ, ವಿಮಾನಗಳ ಹಾರಾಟ, ಆರ್ತನಾದ ಒಂದರ ಮೇಲೊಂದು ಎದ್ದುಬಂದವು. ಒಂದೇ ಒಂದು ಪದವನ್ನೂ ಉಚ್ಚರಿಸದೆ ಗಿಟಾರೊಂದು ಇಡೀ ದೇಶದ ಸಂಕಟವನ್ನು ನುಡಿದಿತ್ತು. ಫೀಡ್‌ಬ್ಯಾಕ್, ಫಝ್, ವಾ-ವಾ, ಕಡ್ಡಿ ಎಳೆದು ಜಾರಿಸಿದ ಸ್ವರ ಹೀಗೆ ಅದುವರೆಗೆ ಕಲಿತದ್ದೆಲ್ಲವೂ ಅಂದು ಅರ್ಥ ಪಡೆದವು. ಇದು ಅವಮಾನವೆಂದು ಕೆಲವರು ಕಿಡಿಕಾರಿದರು. ನುಡಿಸಿದವರು ಅದೇ ದೇಶದ ಮಾಜಿ ಯೋಧರೆಂಬುದನ್ನು ಬಹಳ ಮಂದಿ ಮರೆತಿದ್ದರು.

ಸಾಲ, ದಣಿವು, ಸಾವು

ಕೊನೆಯ ವರ್ಷ ಕಠಿಣವಾಗಿತ್ತು. ಒಂದು ಡಾಲರಿನ ಆ ಹಳೆಯ ಕರಾರು ನ್ಯಾಯಾಲಯದ ಮೆಟ್ಟಿಲೇರಿತ್ತು. ರಾಜಿಯ ಭಾಗವಾಗಿ ಆಲ್ಬಂ ಒಂದನ್ನು ಬಿಟ್ಟುಕೊಡಬೇಕಾಯಿತು. ಕಾಕ್ಸ್ ಮತ್ತು ಡ್ರಮ್ಸ್ ವಾದಕ ಬಡ್ಡಿ ಮೈಲ್ಸ್ ಜೊತೆಗೂಡಿ ನುಡಿಸಿದ 'ಬ್ಯಾಂಡ್ ಆಫ್ ಜಿಪ್ಸೀಸ್' 1970ರಲ್ಲಿ ಹೀಗೆ ಹೊರಬಂತು. ಅದರಲ್ಲಿರುವ 'ಮಷಿನ್ ಗನ್' ಅವರ ಶ್ರೇಷ್ಠ ವಾದನವೆಂದು ಹಲವು ವಿಮರ್ಶಕರ ಅಭಿಮತ. ನ್ಯೂಯಾರ್ಕಿನಲ್ಲಿ ಕಟ್ಟಿಸುತ್ತಿದ್ದ ಸ್ವಂತ ಸ್ಟುಡಿಯೊದ ವೆಚ್ಚ ಭರಿಸಲು ಬಿಡುವಿಲ್ಲದ ಪ್ರವಾಸ ಅನಿವಾರ್ಯವಾಯಿತು. ಮಾದಕ ವಸ್ತುಗಳ ಸಹವಾಸ ಮತ್ತು ನಿದ್ರೆಯ ಕೊರತೆ ದೇಹವನ್ನು ಹಣ್ಣಾಗಿಸಿದ್ದವು.

ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊ 1970ರ ಆಗಸ್ಟ್ 26ರಂದು ಉದ್ಘಾಟನೆಗೊಂಡಿತು. ಮರುದಿನವೇ ಯುರೋಪಿಗೆ ಹೊರಟ ಹೆಂಡ್ರಿಕ್ಸ್ ಮತ್ತೆ ಅಲ್ಲಿಗೆ ಮರಳಲಿಲ್ಲ. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಅವರು ಕೊನೆಯುಸಿರೆಳೆದರು. ನಿದ್ರೆ ಮಾತ್ರೆಗಳ ಅತಿಸೇವನೆಯಿಂದ ಪ್ರಜ್ಞೆ ತಪ್ಪಿ, ವಾಂತಿಯಿಂದ ಉಸಿರುಗಟ್ಟಿದ್ದು ಸಾವಿಗೆ ಕಾರಣವೆಂದು ಮರಣೋತ್ತರ ಪರೀಕ್ಷೆ ತಿಳಿಸಿತು. ಆತ್ಮಹತ್ಯೆಗೆ ಪುರಾವೆಯಿಲ್ಲವೆಂದ ವಿಚಾರಣಾಧಿಕಾರಿಗಳು ಪ್ರಕರಣವನ್ನು ಮುಕ್ತ ತೀರ್ಪಿನೊಂದಿಗೆ ಕೊನೆಗೊಳಿಸಿದರು. ಸಿಯಾಟಲ್ ಸಮೀಪದ ರೆಂಟನ್‌ನಲ್ಲಿ, ತಾಯಿಯನ್ನು ಮಣ್ಣು ಮಾಡಿದ್ದ ಸ್ಮಶಾನದಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು.

ಉಳಿದದ್ದು

ಹೆಂಡ್ರಿಕ್ಸ್ ಉಯಿಲು ಬರೆದಿರಲಿಲ್ಲ. ಮಗನ ಸಂಗೀತದ ಹಕ್ಕುಗಳನ್ನು ಮರಳಿ ಪಡೆಯಲು ತಂದೆ ಅಲ್ 1995ರವರೆಗೂ ಕಾನೂನು ಹೋರಾಟ ನಡೆಸಬೇಕಾಯಿತು. ಲಂಡನ್ನಿನ ಬ್ರೂಕ್ ಸ್ಟ್ರೀಟ್‌ನಲ್ಲಿ ಹೆಂಡ್ರಿಕ್ಸ್ ವಾಸವಾಗಿದ್ದ ಮನೆ, 18ನೇ ಶತಮಾನದ ಮಹಾನ್ ಸಂಗೀತ ರಚನೆಕಾರ ಹ್ಯಾಂಡೆಲ್ ಅವರ ಮನೆಗೆ ಅಂಟಿಕೊಂಡೇ ಇದೆ. ಈಗ ಎರಡೂ ಸೇರಿ ಒಂದೇ ವಸ್ತುಸಂಗ್ರಹಾಲಯವಾಗಿದೆ. ವುಡ್‌ಸ್ಟಾಕ್‌ನಲ್ಲಿ ನುಡಿಸಿದ ಬಿಳಿ ಸ್ಟ್ರಾಟೊಕ್ಯಾಸ್ಟರ್ ಹುಟ್ಟೂರಿನ ಸಂಗ್ರಹಾಲಯದ ಪಾಲಾಗಿದೆ.

ಫೆಂಡರ್ ಕಂಪನಿ ಅವರ ಹೆಸರಿನಲ್ಲಿ ಹೊರತಂದ ಗಿಟಾರ್‌ಗಳ ತಲೆ ಬೇಕೆಂದೇ ತಿರುಗುಮುರುಗಾಗಿದೆ. ಓರೆ ಪಿಕಪ್ಪೂ ಅಷ್ಟೆ. ಎಡಚ ಹುಡುಗನೊಬ್ಬ ಬೇರೆ ದಾರಿಯಿಲ್ಲದೆ ಮಾಡಿಕೊಂಡ ಹೊಂದಾಣಿಕೆಯನ್ನು ಬಲಗೈಯವರು ಈಗ ಹಣ ತೆತ್ತು ಕೊಳ್ಳುತ್ತಾರೆ. ಒಂಟಿ ತಂತಿಯ ಮೇಲೆ ಹಾಡು ಹುಡುಕಿದ ಕಿವಿ, ವರ್ಷಾನುಗಟ್ಟಲೆ ಇನ್ನೊಬ್ಬರ ಬೆನ್ನ ಹಿಂದೆ ನಿಂತು ಪಳಗಿದ ಕೈ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗಿಟಾರ್ ಕಲಿಯುವವರು ಅವನ್ನು ಇಂದಿಗೂ ಸ್ವಂತ ದುಡಿಮೆಯಿಂದಲೇ ಗಳಿಸಬೇಕು.